ತೊಳೆದು ಕೆಡಿಸಿದ ಕಪ್ಪೆ ಮೊಟ್ಟೆಗಳು

ಮನೆಯಿಂದ ಇಪ್ಪತ್ತು ಕಿಲೋಮೀಟರ್

ವಿಮಾನ ನಿಲ್ದಾಣಕ್ಕೆ ಇಷ್ಟು ಹತ್ತಿರ ಬೆಳೆದು, ಇಪ್ಪತ್ತಾರನೇ ವಯಸ್ಸಿನವರೆಗೂ ಅದರೊಳಗೆ ಕಾಲಿಡದೆ ಇದ್ದವಳು ನಾನು. ದೊಡ್ಡಬಳ್ಳಾಪುರದ ಅಂಚಿನಲ್ಲಿರುವ ನಮ್ಮ ಮನೆಯ ಮೇಲೆ ವಿಮಾನಗಳು ಹಾರುತ್ತಲೇ ಇರುತ್ತವೆ, ಆದರೆ ನಮಗೆ ಕೇಳಿಸುವುದಿಲ್ಲ. ಮುಂದಿನ ಹಜಾರದಲ್ಲಿ ಅಮ್ಮನ ಎರಡು ಪವರ್‌ಲೂಮ್‌ಗಳು ಬೆಳಗಿನಿಂದ ಬಡಿದುಕೊಳ್ಳುತ್ತಿರುತ್ತವೆ. ಕರೆಂಟ್ ಹೋಗಿ ಮಗ್ಗ ನಿಂತಾಗ ಮಾತ್ರ ಆಕಾಶದಲ್ಲೂ ಏನೋ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ನಿಲ್ದಾಣ ಹತ್ತಿರವಿದ್ದದ್ದಕ್ಕೇ ನನ್ನ ವಿಮಾನ ತಪ್ಪುವುದರಲ್ಲಿತ್ತು. ದೂರದವರು ಭಯಪಟ್ಟು ಬೇಗ ಹೊರಡುತ್ತಾರೆ; ನಾವು ಧೈರ್ಯವಾಗಿ ಇನ್ನೊಂದು ಲೋಟ ಕಾಫಿ ಕುಡಿದೆವು. ಅಮ್ಮನ ತಮ್ಮ ನಾಗರಾಜ ಮಾವ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು. "ಇಲ್ಲೇ ತಾನೇ ಇರೋದು, ಅರ್ಧ ಗಂಟೆ ಸಾಕು" ಎಂದರು. ದೇವನಹಳ್ಳಿ ರಸ್ತೆಯಲ್ಲಿ ಅರ್ಧ ದಾರಿ ಹೋದ ಮೇಲೆ ಅಮ್ಮನ ಫೋನ್ ಬಂತು.

"ಲೋ ನಾಗ, ರಾಗಿ ಹಿಟ್ಟು ಇಲ್ಲೇ ಉಳೀತು ಕಣೋ. ವಾಪಸ್ ಬಾ."

"ಅಕ್ಕಾ, ಅದು ವಿಮಾನ. ನಮ್ ಟೆಂಪೋ ಅಲ್ಲ, ಕಾಯಕ್ಕೆ."

"ಆರು ವಾರ ಹುಡುಗಿ ಬ್ರೆಡ್ ತಿನ್ಬೇಕಾ? ಬಾ ಅಂದ್ರೆ ಬಾ."

ವಾಪಸ್ ಹೋದೆವು. ಹೀಗೆ, ಎರಡು ಕಿಲೋ ರಾಗಿ ಹಿಟ್ಟನ್ನು ಮಡಿಲಲ್ಲಿಟ್ಟುಕೊಂಡು ನಾನು ಅಂತರರಾಷ್ಟ್ರೀಯ ಪ್ರಯಾಣಿಕಳಾದೆ. ನಿರ್ಗಮನದ ಬಾಗಿಲಲ್ಲಿ ಮಾವ ಸೂಟ್‌ಕೇಸ್ ಇಳಿಸಿ, ಗಾಜಿನಾಚೆಗೆ ಕತ್ತು ಚಾಚಿ ನೋಡಿದರು. "ಹತ್ತೊರ್ಷದಿಂದ ಜನಾನ ತಂದು ಇಲ್ಲಿ ಇಳಿಸ್ತಾ ಇದೀನಿ. ಈ ಬಾಗ್ಲು ದಾಟಿದ್ಮೇಲೆ ಏನಾಗ್ತೈತೆ ಅಂತ ನಂಗೂ ಗೊತ್ತಿಲ್ಲ ಕಣಮ್ಮ. ನೋಡ್ಕೊಂಡು ಬಂದು ಹೇಳು."

ಒಳಗೆ ಆದದ್ದು ಇಷ್ಟೇ: ತಪಾಸಣೆಯವರು ಬೆಲ್ಟ್ ಬಿಚ್ಚಿ ಎಂದಾಗ, ಬೆಲ್ಟ್ ಇಲ್ಲದ ನಾನೂ ಎಲ್ಲರಂತೆ ಬೆಲ್ಟ್ ಹುಡುಕಿಕೊಂಡೆ.

ನಾನು ಹೊರಟದ್ದು ಯಾಕೆಂದು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಕಪ್ಪೆಯ ಮೊಟ್ಟೆಯೊಳಗೆ ವರ್ಣತಂತುಗಳನ್ನು ಪ್ರೋಟೀನ್‌ಗಳು ಹೇಗೆ ಮಡಚಿ ಕಟ್ಟುತ್ತವೆ ಎಂಬುದು ನನ್ನ ವಿಷಯ. ಮೂರು ವರ್ಷ ಓದಿದ್ದೆ, ಮೊಟ್ಟೆಯನ್ನು ಮುಟ್ಟಿರಲಿಲ್ಲ. ನಮ್ಮ ಸಂಸ್ಥೆಯಲ್ಲಿ ಕಪ್ಪೆಗಳಿಗಾಗಿ ಒಂದು ಕೋಣೆ ಸಿದ್ಧವಾಗಿತ್ತು. ತೊಟ್ಟಿಗಳು ಬಂದಿದ್ದವು, ಕಪ್ಪೆಗಳು ಬಂದಿರಲಿಲ್ಲ, ಏಕೆಂದರೆ ಆ ಕೆಲಸ ಬಲ್ಲವರು ಯಾರೂ ಇರಲಿಲ್ಲ. ಕಲಿತು ಬರಲು ನನ್ನನ್ನು ಇಂಗ್ಲೆಂಡಿಗೆ ಕಳಿಸುವಾಗ ನಮ್ಮ ಗೈಡ್ ಮೇಡಂ ಹೇಳಿದ್ದು ಸ್ಪಷ್ಟವಾಗಿತ್ತು: "ನೋಡ್ಕೊಂಡು ಬಂದ್ರೆ ಸಾಲದು. ನಿನ್ನ ಕೈಯಲ್ಲಿ ಒಂದು ಸಲನಾದ್ರೂ ಸರಿಯಾಗಿ ಬರಬೇಕು. ಬರಲಿಲ್ಲ ಅಂದ್ರೆ ಮರೆತುಬಿಡೋಣ, ನಿನಗೆ ಬೇರೆ ವಿಷಯ ಹುಡುಕೋಣ."

ಅಮ್ಮನ ಅಭಿಪ್ರಾಯ ಬೇರೆಯಿತ್ತು. "ಕಪ್ಪೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಮಳೆ ಬಂದ್ರೆ ನಮ್ ಮೋರಿ ತುಂಬಾ ಅವೇ."

ಗಡಿಯಲ್ಲಿ ಐದು ನಿಮಿಷ

ಇಂಗ್ಲೆಂಡಿನ ಅಧಿಕಾರಿ ನನ್ನ ಚೀಲ ತೆರೆದು ರಾಗಿ ಹಿಟ್ಟಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿದರು. ಇದೇನು ಎಂದರು. ಧಾನ್ಯ ಎಂದೆ. ಹೇಗೆ ತಿನ್ನುತ್ತೀರಿ ಎಂದರು. ನನಗೊಂದು ದೌರ್ಬಲ್ಯವಿದೆ: ಮಾತು ಕಡಿಮೆ, ಆದರೆ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದೆ ಇರಲಾರೆ. ನೀರು ಕುದಿಯುವುದರಿಂದ ಶುರುಮಾಡಿ, ಗಂಟಾಗದಂತೆ ಕೋಲಿನಲ್ಲಿ ತಿರುವುವುದು, ಉಂಡೆ ಕಟ್ಟುವುದು, ಅಗಿಯದೆ ನುಂಗುವುದು, ಎಲ್ಲ ಹೇಳಿದೆ. "ಅಗಿಯುವುದಿಲ್ಲವೇ?" ಎಂದು ಅವರು ಮತ್ತೊಮ್ಮೆ ಕೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಬಂದ ಉದ್ದೇಶವೇನು ಎಂದು ಕೇಳಿದಾಗ "ಕಪ್ಪೆಯ ಮೊಟ್ಟೆಗಳನ್ನು ಒಡೆಯುವುದು" ಎಂದೆ. ಅವರು ರಾಗಿಯನ್ನು ಮೆತ್ತಗೆ ವಾಪಸ್ ಚೀಲದೊಳಗಿಟ್ಟು, ಕೈ ಒರೆಸಿಕೊಂಡು, ಹೋಗಿ ಎಂದರು.

ಜೋನ್ ಅವರ ಅಡುಗೆಮನೆ

ಅದು ದಕ್ಷಿಣದ ಕಡಲಂಚಿನ ಒಂದು ಊರು. ಹೆಸರು ಹೇಳುವುದಿಲ್ಲ. ಅಲ್ಲಿನವರು ನನಗೆ ಒಳ್ಳೆಯವರಾಗಿದ್ದರು. ನಾನು ಅವರ ಕಪ್ಪೆಗಳಿಗೆ ಅಷ್ಟು ಒಳ್ಳೆಯವಳಾಗಲಿಲ್ಲ.

ಊರಿನ ಹಿಂದೆ ಬೋಳು ಗುಡ್ಡಗಳು. ನಮ್ಮ ಮಾಕಳಿದುರ್ಗದ ಬಂಡೆ ಕಂಡು ಬೆಳೆದವಳಿಗೆ ಅವು ಗುಡ್ಡಗಳೆಂದು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು. ಹುಲ್ಲು ಕೆರೆದರೆ ಒಳಗೆಲ್ಲ ಬಿಳಿ ಸುಣ್ಣದಕಲ್ಲು. ಬಸ್ ಡ್ರೈವರ್ ಟಿಕೆಟ್ ಕೊಡುತ್ತಾ ನನ್ನನ್ನು 'ಲವ್' ಎಂದರು. ಇಪ್ಪತ್ತಾರು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಮೊದಲು ಹೇಳಿದವರು ಚಿಲ್ಲರೆಯ ಜೊತೆ ಹೇಳಿದರು. ಆಮೇಲೆ ನೋಡಿದರೆ ನನ್ನ ಹಿಂದಿನ ಅಜ್ಜಿಯನ್ನೂ, ಅವರ ನಾಯಿಯನ್ನೂ ಹಾಗೇ ಕರೆದರು. ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಕಡೆ ಹಾಗೆ ಹೇಳಿದರೆ "ಯಾಕಮ್ಮ, ಏನಾಯ್ತು?" ಎಂದು ಬಸ್ಸನ್ನೇ ನಿಲ್ಲಿಸಿಯಾರು. ನಾನು ಒಂದು ವಾರ ಮನಸ್ಸಿನಲ್ಲೇ ಅಭ್ಯಾಸ ಮಾಡಿ, ಎಂಟನೇ ದಿನ ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಬಸ್ ಹೊರಟುಹೋಗಿತ್ತು.

ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟವರು ಜೋನ್. ಅರವತ್ತರ ಹತ್ತಿರದ, ಗಿಡ್ಡನೆಯ, ನೇರ ಮಾತಿನ ಹೆಂಗಸು. ನಾನು ಕಲಿಯಲು ಹೋದ ಲ್ಯಾಬಿನಲ್ಲಿ ಕಪ್ಪೆಗಳನ್ನು ನೋಡಿಕೊಳ್ಳುವವರೂ ಅವರೇ. ಮೊದಲ ಸಂಜೆ ಊಟವಾದ ಮೇಲೆ ಅವರು ಪಾತ್ರೆ ತೊಳೆದದ್ದನ್ನು ನಾನು ನಿಂತು ನೋಡಿದೆ. ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸೋಪಿನ ನೀರು. ತಟ್ಟೆಯನ್ನು ಅದರಲ್ಲಿ ಮುಳುಗಿಸಿ, ಉಜ್ಜಿ, ನೊರೆ ಇಳಿಯುತ್ತಿರುವಾಗಲೇ ಎತ್ತಿ, ಬಟ್ಟೆಯಿಂದ ಒರೆಸಿ, ಕಪಾಟಿನೊಳಗೆ. ಬೇರೆ ನೀರಿಗೆ ಹಿಡಿಯುವುದೇ ಇಲ್ಲ. ನಾನು ಎಲ್ಲೋ ಮಧ್ಯದಲ್ಲಿ ಏನೋ ತಪ್ಪಿಸಿಕೊಂಡೆ ಎಂದುಕೊಂಡೆ. ಮರುದಿನವೂ ಹಾಗೇ. ಇಡೀ ದೇಶವೇ ಹಾಗಂತೆ.

ನಮ್ಮದು ಇನ್ನೊಂದು ತುದಿ. ಮಗ್ಗದ ಮನೆಯಲ್ಲಿ ನೂಲಿನ ಧೂಳು ಗಾಳಿಯಲ್ಲೇ ಇರುತ್ತದೆ. ಬೆಳಿಗ್ಗೆ ತೊಳೆದು ಬೋರಲು ಹಾಕಿದ ಲೋಟದ ಮೇಲೆ ಮಧ್ಯಾಹ್ನಕ್ಕೆ ತೆಳುವಾದ ತುಪ್ಪಳ ಕೂತಿರುತ್ತದೆ. ಅದಕ್ಕೇ ನಮ್ಮಲ್ಲಿ ಯಾವ ಪಾತ್ರೆಯನ್ನಾಗಲಿ ಬಳಸುವ ಮುಂಚೆ ಒಮ್ಮೆ ನೀರಿಗೆ ಹಿಡಿದು, ಪಟಪಟನೆ ಕೊಡವಿ, ಆಮೇಲೆ ತುಂಬುತ್ತೇವೆ. ಆಗತಾನೇ ಅಂಗಡಿಯಿಂದ ಬಂದ ಹೊಸ ಲೋಟವಾದರೂ ಅಷ್ಟೇ. ಮಾತು ಕಲಿಯುವ ಮುಂಚೆ ಕಲಿತದ್ದು. ಕೈ ಮಾಡುತ್ತದೆ, ತಲೆಗೆ ವರದಿ ಹೋಗುವುದಿಲ್ಲ. ಹಾಗಾಗಿ ಜೋನ್ ಅವರ ಕಪಾಟಿನಿಂದ ತೆಗೆದ ಪ್ರತಿ ಕಪ್ಪನ್ನೂ ನಾನು ನಲ್ಲಿಗೆ ಹಿಡಿದು ಕೊಡವುತ್ತಿದ್ದೆ. ಜೋನ್ ನೋಡುತ್ತಿದ್ದರು.

ಆ ಅಡುಗೆಮನೆಯಲ್ಲಿ ಮೊದಲ ದಿನವೇ ನನಗೆ ಮನೆಯ ನೆನಪು ತಂದದ್ದು ಅವರ ಕೆಟಲ್. ಒಳಗೆಲ್ಲ ಬಿಳಿ ಪದರ ಕಟ್ಟಿತ್ತು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೂ ಹೀಗೇ. ಅಯ್ಯೋ, ನಮ್ಮ ನೀರೇ ಎಂದು ಸಂತೋಷಪಟ್ಟೆ. ಈ ಸಂತೋಷವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಜೀವವಿಜ್ಞಾನದಲ್ಲಿ ಎರಡು ಪದವಿ ಪಡೆದವಳು ಆ ಬಿಳಿ ಪದರವನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದಳು.

ಕಪ್ಪೆ ಕೋಣೆ

ಅವು ನಮ್ಮ ಮೋರಿಯ ಕಪ್ಪೆಗಳಲ್ಲ. ಆಫ್ರಿಕಾ ಮೂಲದವು, ಚಪ್ಪಟೆ, ಕಾಲಿಗೆ ಕರಿ ಉಗುರು. ನೀರು ಬಿಟ್ಟು ಹೊರಗೆ ಬರುವುದಿಲ್ಲ, ವಟಗುಟ್ಟುವುದಿಲ್ಲ. ಇಷ್ಟು ಸಂಕೋಚದ ಪ್ರಾಣಿಯನ್ನು ಕಂಡು ನನಗೆ ಆತ್ಮೀಯತೆ ಹುಟ್ಟಿತು. ನಾನು ಮೊದಲು ಹಿಡಿದದ್ದು ಸೋಪಿನಂತೆ ಜಾರಿ, ನನ್ನ ತೋಳೇರಿ, ಭುಜದಿಂದ ನೆಲಕ್ಕೆ ಹಾರಿ ಫ್ರಿಜ್ಜಿನ ಕೆಳಗೆ ಸೇರಿತು. ಜೋನ್ ಮೊಣಕಾಲೂರಿ ಅದನ್ನು ಹೊರತೆಗೆದು, "ಇವಳು ಡೋರಿಸ್, ನಮ್ಮ ಚಿಕ್ಕಮ್ಮನ ಹೆಸರು. ಚಿಕ್ಕಮ್ಮನೂ ಹೀಗೇ, ಯಾರ ಕೈಗೂ ಸಿಗುತ್ತಿರಲಿಲ್ಲ" ಎಂದರು.

ಒಮ್ಮೆ ಮೊಟ್ಟೆ ಕೊಟ್ಟ ಕಪ್ಪೆಗೆ ತಿಂಗಳುಗಟ್ಟಲೆ ವಿಶ್ರಾಂತಿ. ಯಾರ ಸರದಿ ಎಂದು ಜೋನ್ ಬಾಗಿಲ ಮೇಲೆ ಪಟ್ಟಿ ಹಾಕಿದ್ದರು. ಅವರು ಇಲ್ಲ ಎಂದರೆ ಪ್ರೊಫೆಸರ್ ಬಂದರೂ ಇಲ್ಲವೇ. ನಮ್ಮೂರಿನ ಬಾಣಂತಿಯರಿಗೂ ಇಷ್ಟು ಗಟ್ಟಿ ವಕೀಲರಿಲ್ಲ.

ಕಲಿಸುವವನು ಪಾವೆಲ್, ಪೋಲೆಂಡಿನ ಸಂಶೋಧಕ. ಅವನಿಗೂ ಮಾತು ಕಡಿಮೆ. ನಾವಿಬ್ಬರೂ ಒಂದು ವಾರ ಪರಸ್ಪರರ ಮೌನವನ್ನು ಗೌರವಿಸಿದೆವು, ಅದೇ ಅನಾಹುತಕ್ಕೆ ಕಾರಣವಾಯಿತು.

ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಒಂದು ಜೀವಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎ ನೂಲನ್ನು ಅಚ್ಚುಕಟ್ಟಾಗಿ ಮಡಚಿಕೊಳ್ಳಬೇಕು. ಬಿಡಿ ನೂಲನ್ನು ಎರಡು ಪಾಲು ಮಾಡಲು ಹೋದರೆ ಏನಾಗುತ್ತದೆಂದು ಮಗ್ಗದ ಮನೆಯವರಿಗೆ ವಿವರಿಸಬೇಕಿಲ್ಲ. ಹಾಗೆ ಮಡಚಿದ ಒಂದೊಂದು ಕಟ್ಟೇ ವರ್ಣತಂತು. ಮಡಚುವವರು ಪ್ರೋಟೀನ್‌ಗಳು. ಅವುಗಳಲ್ಲಿ ಎರಡರ ಸಹವಾಸ ನನ್ನದು. ಕಂಡೆನ್ಸಿನ್ ಎಂಬುದು ಉಂಗುರದಂಥದ್ದು. ನೂಲನ್ನು ತನ್ನೊಳಗಿಂದ ಎಳೆದು ಕುಣಿಕೆ ಕುಣಿಕೆಯಾಗಿ ಮಾಡುತ್ತದೆ. ಎಚ್-ಒನ್ ಎಂಬ ಇನ್ನೊಂದು, ನೂಲಿಗೆ ಅಂಟಿ ಕೂತು ಅದನ್ನು ಒತ್ತಿ ಹಿಡಿಯುತ್ತದೆ. ಕಂಡೆನ್ಸಿನ್‌ಗಳು ಬೇಕಾದಷ್ಟು ಬಂದು ಕೂರದಂತೆ ತಡೆಯುತ್ತದೆ. ಎಚ್-ಒನ್ ಇಲ್ಲವಾದರೆ ಕಂಡೆನ್ಸಿನ್‌ಗಳು ನುಗ್ಗುತ್ತವೆ, ಕುಣಿಕೆಗಳು ಚಿಕ್ಕವಾಗಿ ಹೆಚ್ಚುತ್ತವೆ, ದಪ್ಪಗೆ ಗಿಡ್ಡಗೆ ಇರಬೇಕಾದ ವರ್ಣತಂತು ಉದ್ದಕ್ಕೆ ತೆಳ್ಳಗೆ ಎಳೆದುಕೊಳ್ಳುತ್ತದೆ. ಇದನ್ನು ಬೇರೆಯವರು ಆಗಲೇ ಕಂಡುಕೊಂಡಿದ್ದಾರೆ. ನನ್ನ ಕೈಯಲ್ಲೂ ಅದು ಹಾಗೇ ಬರುತ್ತದೆಯೇ ಎಂಬುದಷ್ಟೇ ನನ್ನ ಪರೀಕ್ಷೆ.

ಕಪ್ಪೆಯ ಮೊಟ್ಟೆಯೇ ಏಕೆಂದರೆ, ಅದು ಮದುವೆ ಮನೆಯ ಉಗ್ರಾಣ. ಮುಂದೆ ಸಾವಿರಾರು ಕೋಶಗಳಿಗೆ ಬೇಕಾಗುವ ಪ್ರೋಟೀನೆಲ್ಲ ಅದರಲ್ಲಿ ಮೊದಲೇ ತುಂಬಿರುತ್ತದೆ. ಮೊಟ್ಟೆಗಳನ್ನು ಟ್ಯೂಬಿಗೆ ತುಂಬಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಒಡೆದು ಪದರಪದರವಾಗುತ್ತವೆ. ನಡುವಿನ ಪದರದ ರಸವನ್ನು ಸೂಜಿಯಿಂದ ಹೀರಿ ಇನ್ನೊಂದು ಟ್ಯೂಬಿಗೆ ಬಿಡಬೇಕು. ಅದಕ್ಕೆ ಕಪ್ಪೆಯ ವೀರ್ಯಾಣುವಿನ ತಲೆಗಳನ್ನು ಬೆರೆಸಿದರೆ, ಆ ರಸ ಅವುಗಳ ಡಿಎನ್‌ಎಯನ್ನು ಮಡಚಿ ವರ್ಣತಂತು ಮಾಡುತ್ತದೆ. ಕೋಶವೇ ಇಲ್ಲ, ಬರೀ ರಸ. ಆದರೂ ಕೆಲಸ ನಡೆಯುತ್ತದೆ.

ಒಂದೇ ಷರತ್ತು. ಫಲಿತವಾಗದ ಮೊಟ್ಟೆ ಎಲ್ಲವನ್ನೂ ಕಟ್ಟಿಟ್ಟುಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಜೀವಂತ ವೀರ್ಯಾಣು ಬಂದು ಸೇರಿದಾಗ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಅದೇ ಎಬ್ಬಿಸುವ ಗಂಟೆ. ಎದ್ದ ಮೇಲೆ ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ. ಆದ್ದರಿಂದ ಆ ರಸದ ಹತ್ತಿರ ಕ್ಯಾಲ್ಸಿಯಂ ಸುಳಿಯಬಾರದು. ಪಾವೆಲ್ ಮೊದಲ ದಿನವೇ ಇದನ್ನು ಹೇಳಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಎರಡು, ಮೂರು, ನಾಲ್ಕನೇ ವಾರ

ಮೊದಲ ವಾರ ನೋಡಿದೆ. ಎರಡನೇ ವಾರದಿಂದ ನನ್ನ ಸರದಿ. ಯಾರಾದರೂ ನೋಡುತ್ತಿದ್ದರೆ ನನ್ನ ಕೈ ನಡುಗುತ್ತದೆ. ಅದಕ್ಕೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ನನ್ನ ಟ್ಯೂಬುಗಳನ್ನು ಸಿದ್ಧಮಾಡಿ, ಮುಚ್ಚಳ ಹಾಕಿ ಐಸಿನ ಮೇಲೆ ಸಾಲಾಗಿ ಜೋಡಿಸಿ ಇಡುತ್ತಿದ್ದೆ. ಪಾವೆಲ್ ಬಂದು "ತುಂಬಾ ಅಚ್ಚುಕಟ್ಟು" ಎಂದು ಹೊಗಳುತ್ತಿದ್ದ.

ಮೈಕ್ರೋಸ್ಕೋಪಿನಲ್ಲಿ ವರ್ಣತಂತುಗಳು ಕಾಣಬೇಕಿದ್ದ ಕಡೆ ಗುಂಡಗಿನ, ನುಣ್ಣಗಿನ, ಉಬ್ಬಿದ ಬಲೂನುಗಳು ಕಂಡವು. ಒಂದಲ್ಲ ಎರಡಲ್ಲ, ಗಾಜಿನ ಪಟ್ಟಿಯ ತುಂಬಾ. ಪಾವೆಲ್ ನೋಡಿ, "ಎದ್ದುಬಿಟ್ಟಿದೆ" ಎಂದ. ಎದ್ದ ಮೊಟ್ಟೆ ಕಟ್ಟು ಬಿಚ್ಚಿ ಕೂತಿತ್ತು.

ಮುಂದಿನ ಸಲವೂ ಎದ್ದಿತು. ಅದರ ಮುಂದಿನ ಸಲವೂ. ಪಾವೆಲ್ ಕೋಣೆಯ ತಾಪ ಅಳೆದ, ದ್ರಾವಣಗಳನ್ನೆಲ್ಲ ಹೊಸದಾಗಿ ಮಾಡಿಸಿದ, ಕೊನೆಗೆ ಆ ಲ್ಯಾಬಿನವರೆಲ್ಲ ಮಾಡುವಂತೆ ಕಪ್ಪೆಗಳನ್ನು ಅನುಮಾನಿಸಿದ. ಜೋನ್ ಮುಖ ಕೆಂಪಾಯಿತು. "ನನ್ನ ಹುಡುಗಿಯರ ಮೊಟ್ಟೆಯಲ್ಲಿ ಏನೂ ದೋಷವಿಲ್ಲ." ಅದನ್ನು ಸಾಬೀತು ಮಾಡಲು ಮುಂದಿನ ಸಲ ಒಂದೇ ಕಪ್ಪೆಯ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಅರ್ಧ ಪಾವೆಲ್‌ಗೆ, ಅರ್ಧ ನನಗೆ ಕೊಟ್ಟರು. ಪಾವೆಲ್‌ನದರಲ್ಲಿ ಚೆಂದದ ವರ್ಣತಂತುಗಳು. ನನ್ನದರಲ್ಲಿ ಬಲೂನು. ಕಪ್ಪೆ ನಿರ್ದೋಷಿ ಎಂದು ತೀರ್ಮಾನವಾಯಿತು. ಆರೋಪಿ ಒಬ್ಬಳೇ ಉಳಿದಳು.

ಆ ಮಧ್ಯಾಹ್ನ ಕಡಲ ದಂಡೆಗೆ ಹೋಗಿ ಬೆಂಚಿನ ಮೇಲೆ ಕೂತು ಚಪಾತಿ ಬಿಚ್ಚಿದೆ. ಬಾತುಕೋಳಿಯಷ್ಟು ದೊಡ್ಡ ಕಡಲಹಕ್ಕಿಯೊಂದು ಹಿಂದಿನಿಂದ ಬಂದು, ನನ್ನ ಕಿವಿಗೆ ರೆಕ್ಕೆ ಬಡಿದು, ಚಪಾತಿಯನ್ನು ಪಲ್ಯದ ಸಮೇತ ಎತ್ತಿಕೊಂಡು ಹೋಯಿತು. ಪಕ್ಕದ ಬೆಂಚಿನ ಮುದುಕರು ಹಕ್ಕಿಯ ಪರವಾಗಿ ನನ್ನ ಕ್ಷಮೆ ಕೇಳಿದರು. ನಾನು "ಪರವಾಗಿಲ್ಲ" ಎಂದು ಹಕ್ಕಿಯನ್ನು ಕ್ಷಮಿಸಿದೆ. ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ ಎಂದು ಅವರೂ ನಂಬಿದಂತೆ ಮಾಡಿದರು.

ಅಮ್ಮ ಪ್ರತಿದಿನ ವಿಡಿಯೋ ಕಾಲ್ ಮಾಡುತ್ತಿದ್ದರು, ಮಗ್ಗ ನಿಲ್ಲಿಸದೆ. ಅವರು ಮಗ್ಗ ನಿಲ್ಲಿಸಿ ಮಾತಾಡುವುದು ಯಾರಾದರೂ ಸತ್ತಾಗ ಅಥವಾ ಗಂಡಿನ ಕಡೆಯವರು ಬಂದಾಗ ಮಾತ್ರ.

"ಆಯ್ತಾ ಕಪ್ಪೆ ಕೆಲಸ?" ಅಮ್ಮ ಕೂಗಿ ಕೇಳುತ್ತಿದ್ದರು.

"ಆಗ್ತಾ ಇದೆ ಅಮ್ಮ."

"ಏನು?"

"ಆಗ್ತಾ ಇದೆ!"

ಒಂದು ಸುಳ್ಳನ್ನು ದಿನಾ ಎರಡೆರಡು ಸಲ ಕೂಗಿ ಹೇಳುವುದು ನನ್ನಂಥವಳಿಗೆ ಸುಲಭವಲ್ಲ. ಮೇಡಂಗೆ ಇಮೇಲ್‌ನಲ್ಲಿ "ಪ್ರಗತಿಯಲ್ಲಿದೆ" ಎಂದು ಬರೆದೆ. ಅವರು "ಚಿತ್ರ ಕಳಿಸು" ಎಂದರು. ಬಲೂನುಗಳ ಚಿತ್ರ ಕಳಿಸಲಿಲ್ಲ. ನಾಲ್ಕನೇ ವಾರ ಮುಗಿದಾಗ ಬಾಗಿಲ ಮೇಲಿನ ಪಟ್ಟಿಯಲ್ಲಿ ನನ್ನ ಪಾಲಿನ ಕಪ್ಪೆಗಳೆಲ್ಲ ವಿಶ್ರಾಂತಿಗೆ ಹೋಗಿದ್ದವು.

ಭಾನುವಾರ, ವಿನೆಗರ್

ಕೆಲಸವಿಲ್ಲದೆ ಕಳೆದ ಐದನೇ ವಾರದ ಕೊನೆಗೆ, ಭಾನುವಾರ ಬೆಳಿಗ್ಗೆ ಜೋನ್ ಕೆಟಲಿನೊಳಗೆ ವಿನೆಗರ್ ಸುರಿಯುತ್ತಿದ್ದರು. ನಾನು ಕಪಾಟಿನಿಂದ ಕಪ್ ತೆಗೆದು, ನಲ್ಲಿಗೆ ಹಿಡಿದು, ಪಟಪಟನೆ ಕೊಡವಿದೆ. ಹನಿಗಳು ಅವರ ಕನ್ನಡಕಕ್ಕೆ ಹಾರಿದವು.

ಜೋನ್ ಕನ್ನಡಕ ತೆಗೆದು ಒರೆಸಿಕೊಂಡರು. "ಐದು ವಾರದಿಂದ ಕೇಳಬೇಕು ಅಂದ್ಕೊಂಡಿದೀನಿ, ಲವ್. ನನ್ನ ಕಪ್ಪುಗಳು ಅಷ್ಟು ಕೊಳಕಾ?"

ನೆಲ ಬಿರಿಯಬಾರದೇ ಎನ್ನಿಸಿತು. ಅವರಿಗೆ ಮಗ್ಗ, ನೂಲಿನ ಧೂಳು, ಬೋರಲು ಲೋಟ ಎಲ್ಲ ವಿವರಿಸಿದೆ. ರಾಗಿ ಮುದ್ದೆಯ ವಿವರಣೆಗಿಂತಲೂ ಉದ್ದವಾಯಿತು. "ಕೊಳಕಿಗಲ್ಲ ಜೋನ್. ಹೊಸದನ್ನೂ ಹೀಗೇ ಮಾಡ್ತೀನಿ. ಏನನ್ನೇ ಆದರೂ ಹೀಗೇ ಮಾಡ್ತೀನಿ."

"ಏನನ್ನೇ ಆದರೂ?"

"ಹೂಂ."

ಅವರು ವಿನೆಗರ್ ಬಾಟಲಿಯನ್ನು ಕೆಳಗಿಟ್ಟರು. "ಲ್ಯಾಬಿನ ಟ್ಯೂಬನ್ನೂ?"

ಉತ್ತರ ಹೇಳಲು ಬಾಯಿ ತೆರೆದೆ. ನನ್ನ ಬಲಗೈ ಗಾಳಿಯಲ್ಲೇ ಒಂದು ಟ್ಯೂಬನ್ನು ಹಿಡಿದು ಕೊಡವುತ್ತಿತ್ತು. ಹೌದು. ಪ್ರತಿ ಬೆಳಿಗ್ಗೆ. ಪೊಟ್ಟಣದಿಂದ ಆಗತಾನೇ ತೆಗೆದ, ಯಾರ ಕೈಯೂ ಸೋಕದ ಟ್ಯೂಬುಗಳು. ನಲ್ಲಿಗೆ ಹಿಡಿದು, ಕೊಡವಿ, ಒಳಗೆ ಹನಿ ಉಳಿದಿರುವಾಗಲೇ ಮುಚ್ಚಳ ಹಾಕಿ, ಐಸಿನ ಮೇಲೆ. ಅಚ್ಚುಕಟ್ಟಾಗಿ.

"ಆದರೆ ಅದು ಶುದ್ಧೀಕರಿಸಿದ ನೀರಿನ ನಲ್ಲಿ," ಎಂದೆ. "ಆ ಬಗ್ಗಿದ ಕತ್ತಿನದು. ನಮ್ಮ ಬೆಂಗಳೂರಿನ ಲ್ಯಾಬಿನಲ್ಲಿ ಬಗ್ಗಿದ ನಲ್ಲಿಯಲ್ಲಿ ಶುದ್ಧ ನೀರೇ ಬರುತ್ತೆ."

"ಇಲ್ಲಿ ಶುದ್ಧ ನೀರು ಮೂಲೆಯ ಯಂತ್ರದಿಂದ ಬರುತ್ತೆ, ಲವ್. ಬಗ್ಗಿದ ನಲ್ಲಿಯಲ್ಲಿ ಬರೋದು ಇದೇ." ಜೋನ್ ಕೆಟಲನ್ನು ನನ್ನ ಮುಂದೆ ಬಗ್ಗಿಸಿದರು. ಒಳಗೆ ವಿನೆಗರಿನಲ್ಲಿ ಬಿಳಿ ಪದರ ಚುರ್ರ್ ಎಂದು ಗುಳ್ಳೆ ಗುಳ್ಳೆಯಾಗಿ ಕರಗುತ್ತಿತ್ತು. ಆ ಊರಿನ ಗುಡ್ಡಗಳ ಸುಣ್ಣ. ಕ್ಯಾಲ್ಸಿಯಂ. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡದ್ದನ್ನು ನಾನು ಐದು ವಾರ ಚಹಾದಲ್ಲಿ ಕುಡಿದು, ಉಳಿದದ್ದನ್ನು ಮೊಟ್ಟೆಗಳಿಗೆ ಬಡಿಸಿದ್ದೆ. ಆ ಬಡಪಾಯಿ ಮೊಟ್ಟೆಗಳು ಎಂದೂ ಬಾರದ ವರನಿಗಾಗಿ ಪ್ರತಿಸಲ ಎದ್ದು ಕೂತಿದ್ದವು.

ಒಂದೇ ಒಂದು ದಿನ ಪಾವೆಲ್‌ನ ಎದುರು ಟ್ಯೂಬ್ ತೆಗೆದಿದ್ದರೆ ಒಂದು ನಿಮಿಷದ ಮಾತಾಗಿತ್ತು. ಯಾರೂ ನೋಡಬಾರದೆಂಬ ನನ್ನ ಸಂಕೋಚ ಎಷ್ಟು ಕಪ್ಪೆಗಳ ಸರದಿಯನ್ನು ತಿಂದಿತು ಎಂದು ಪಟ್ಟಿ ನೋಡಿದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

"ಜೋನ್," ಎಂದೆ. ಏನನ್ನಾದರೂ ಕೇಳಿ ಪಡೆಯುವುದು ನನಗೆ ಬರುವುದಿಲ್ಲ. "ಇನ್ನೊಂದೇ ಒಂದು ಕಪ್ಪೆ ಸಿಗಬಹುದಾ?"

ಅವರು ಕೆಟಲನ್ನು ತೊಟ್ಟಿಗೆ ಬಗ್ಗಿಸಿ ಖಾಲಿ ಮಾಡಿದರು. "ಡೋರಿಸ್‌ಳ ವಿಶ್ರಾಂತಿ ಬುಧವಾರಕ್ಕೆ ಮುಗಿಯುತ್ತೆ. ಅವಳು ಪಾವೆಲ್‌ನ ಪಾಲು. ಅವನನ್ನು ನೀನೇ ಕೇಳಬೇಕು. ಇನ್ನೊಂದು ವಿಷಯ. ಈ ಸಲ ಅವನ ಎದುರೇ ಕೂತು ಮಾಡಬೇಕು."

ಎರಡನ್ನೂ ಮಾಡಿದೆ. ಮೊದಲನೆಯದು ಕಷ್ಟವಾಗಿತ್ತು. ಕಾರಣ ಹೇಳಿದಾಗ ಪಾವೆಲ್ ನಗಲಿಲ್ಲ. "ನಮ್ಮ ಅಜ್ಜಿ ಕೋಳಿ ಮೊಟ್ಟೆಗಳನ್ನು ಸೋಪು ಹಾಕಿ ತೊಳೆಯುತ್ತಿದ್ದಳು" ಎಂದಷ್ಟೇ ಹೇಳಿದ. ಐದು ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಕೊನೆಯ ಗುರುವಾರ

ಬುಧವಾರ ಸಂಜೆ ಡೋರಿಸ್‌ಗೆ ಜೋನ್ ಮೊಟ್ಟೆ ಇಡಿಸುವ ಚುಚ್ಚುಮದ್ದು ಕೊಟ್ಟರು. ಗುರುವಾರ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಗಸಗಸೆಗಿಂತ ದೊಡ್ಡ, ಅರ್ಧ ಕಪ್ಪು ಅರ್ಧ ಬಿಳಿ ಮೊಟ್ಟೆಗಳು ನೂರಾರು. ನನ್ನ ವಿಮಾನ ಶನಿವಾರಕ್ಕಿತ್ತು.

ಪಾವೆಲ್ ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತ. ಪೊಟ್ಟಣ ಹರಿದು ಟ್ಯೂಬ್ ತೆಗೆದೆ. ನನ್ನ ಕೈ ತಾನೇ ತಾನಾಗಿ ನಲ್ಲಿಯ ಕಡೆ ಅರ್ಧ ದಾರಿ ಹೋಯಿತು. ಪಾವೆಲ್ ಕೆಮ್ಮಿದ. ಕೈಯನ್ನು ವಾಪಸ್ ತಂದೆ. ಒಣ ಟ್ಯೂಬಿಗೆ ಹಾಗೇ ಮೊಟ್ಟೆ ತುಂಬುವಾಗ, ಧೂಳು ಕೂತ ಲೋಟದಲ್ಲಿ ನೆಂಟರಿಗೆ ನೀರು ಕೊಡುತ್ತಿರುವಂತೆ ನಾಚಿಕೆಯಾಯಿತು.

ಯಂತ್ರ ತಿರುಗಿತು. ಮೇಲೆ ಹಳದಿ ಕೊಬ್ಬು, ಕೆಳಗೆ ಕಪ್ಪು ಗಷ್ಟು, ನಡುವೆ ಜೇನಿನ ಬಣ್ಣದ ರಸ. ಅದನ್ನು ಹೀರಿ ಎರಡು ಪಾಲು ಮಾಡಿದೆ. ಒಂದು ಹಾಗೇ ಇತ್ತು. ಇನ್ನೊಂದರಿಂದ ಎಚ್-ಒನ್ ಅನ್ನು ತೆಗೆದೆ; ಅದನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಸಣ್ಣ ಮಣಿಗಳನ್ನು ಬೆರೆಸಿ, ಮಣಿಗಳನ್ನು ಆಯಸ್ಕಾಂತದಿಂದ ಎಳೆದುಬಿಟ್ಟರೆ ಆಯಿತು. ಎರಡಕ್ಕೂ ವೀರ್ಯಾಣುವಿನ ತಲೆಗಳನ್ನು ಬೆರೆಸಿ ಕಾದೆ.

ಮೊದಲ ಗಾಜಿನ ಪಟ್ಟಿ ಇಟ್ಟಾಗ ನಾನು ಕಣ್ಣು ಮುಚ್ಚಿಕೊಂಡೇ ಮೈಕ್ರೋಸ್ಕೋಪಿಗೆ ಬಗ್ಗಿದೆ. ತೆರೆದರೆ, ಬಲೂನು ಇಲ್ಲ. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಗಿಡ್ಡ, ದಪ್ಪ ವರ್ಣತಂತುಗಳು, ಬಿಗಿಯಾಗಿ ಸುತ್ತಿಟ್ಟ ಕಂಡಿಕೆಗಳ ಹಾಗೆ. ಲಾಳಿಯೊಳಗೆ ಇಡುವ ಆ ನೂಲು ಸುತ್ತಿದ ಕಡ್ಡಿಗಳನ್ನು ನಾನು ಏಳನೇ ವಯಸ್ಸಿನಿಂದ ಸುತ್ತಿದ್ದೇನೆ; ಬಿಗಿ ಎಂದರೇನೆಂದು ಬಲ್ಲೆ. ಎರಡನೆಯದರಲ್ಲಿ ಅವೇ ವರ್ಣತಂತುಗಳು ಉದ್ದಕ್ಕೆ, ತೆಳ್ಳಗೆ, ಒಂದರೊಳಗೊಂದು ಸಿಕ್ಕಿಕೊಂಡು ಹರಡಿದ್ದವು.

ಪಾವೆಲ್ ನೋಡಿದ. "ಉದ್ದ," ಎಂದ. ಮತ್ತೆ ನೋಡಿ, "ಚೆನ್ನಾಗಿದೆ," ಎಂದ. ಜೋನ್ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತಾ ಬಂದು ಇಣುಕಿದರು. "ಇದಕ್ಕಾ ಇಷ್ಟು ಗಲಾಟೆ? ನೂಡಲ್ಸ್!" ಎಂದು, ಹೋಗಿ ಡೋರಿಸ್‌ಗೆ ಹೇಳಿ ಬಂದರು.

ಎರಡು ಚಿತ್ರಗಳನ್ನು ಮೇಡಂಗೆ ಕಳಿಸಿದೆ. ಆಮೇಲೆ, ಯಾಕೋ, ಅಮ್ಮನಿಗೂ ವಾಟ್ಸಾಪ್ ಮಾಡಿದೆ. ಮರುಕ್ಷಣವೇ ಫೋನ್ ಬಂತು. ಹಿಂದೆ ಮಗ್ಗದ ಸದ್ದು.

"ಏನೇ ಶಶಿ ಇದು? ಎಡಗಡೇದು ಸರಿಯಾಗೈತೆ. ಬಲಗಡೇದನ್ನ ಯಾರು ಸುತ್ತಿದ್ದು? ಪೂರಾ ಸಡಿಲ ಬಿಟ್ಟವ್ರೆ."

"ಬೇಕಂತಲೇ ಬಿಟ್ಟಿದ್ದಮ್ಮ. ಒತ್ತಿ ಹಿಡಿಯೋ ಪ್ರೋಟೀನ್ ಒಂದಿದೆ, ಅದನ್ನ ತೆಗೆದ್ವಿ."

"ಚೆನ್ನಾಗಿ ಕೆಲ್ಸ ಮಾಡೋದನ್ನ ಯಾಕೆ ತೆಗೀತೀರ?"

"ಅದು ಇದ್ದಾಗ ಏನು ಮಾಡ್ತಾ ಇತ್ತು ಅಂತ ತಿಳ್ಕೊಳ್ಳೋಕೆ."

ಇದ್ದಕ್ಕಿದ್ದಂತೆ ಮಗ್ಗದ ಸದ್ದು ನಿಂತಿತು. ನಾನು ಹೆದರಿದೆ, ಯಾರು ಹೋದರು ಎಂದುಕೊಂಡೆ. ಆ ಮೌನದಲ್ಲಿ ನಮ್ಮ ಮನೆಯ ಮೇಲೆ ಒಂದು ವಿಮಾನ ಹಾದುಹೋದದ್ದು ಕಡಲಂಚಿನ ಲ್ಯಾಬಿನಲ್ಲಿ ಕೂತ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಊಂ," ಎಂದರು ಅಮ್ಮ. "ನೀನು ಹೋದ್ಮೇಲೆ ಕಂಡಿಕೆ ಸುತ್ತೋರಿಲ್ಲ. ನಂಗೂ ಹಂಗೇ ತಿಳೀತು." ಆಮೇಲೆ, "ರಾಗಿ ಹಿಟ್ಟು ಮುಗೀತಾ?" ಎಂದು ಕೇಳಿ, ಮತ್ತೆ ಮಗ್ಗ ಹಾಕಿದರು.

ವಾಪಸ್

ನಿಲ್ದಾಣದ ಹೊರಗೆ ಕಾಯುತ್ತಿದ್ದ ಮಾವ ಕೇಳಿದ ಮೊದಲ ಪ್ರಶ್ನೆ: "ಬಾಗ್ಲು ದಾಟಿದ್ಮೇಲೆ ಏನೈತೆ?" ಬೆಲ್ಟ್ ಬಿಚ್ಚಿಸುತ್ತಾರೆ ಎಂದೆ. ಅವರಿಗೆ ಬಹಳ ನಿರಾಸೆಯಾಯಿತು.

ಮನೆಯಲ್ಲಿ ಅಮ್ಮ ಗೂಡಿನಿಂದ ಲೋಟ ತೆಗೆದು, ನೀರಿಗೆ ಹಿಡಿದು, ಪಟಪಟನೆ ಕೊಡವಿ, ಕಾಫಿ ಹಾಕಿ ಕೊಟ್ಟರು. ಲೋಟದ ಹೊರಮೈ ಒದ್ದೆಯಿತ್ತು. ಕುಡಿದೆ. ನಡೆದದ್ದನ್ನು ಹೇಳಲಿಲ್ಲ. ಕೈಕೆಲಸ ಕಲಿಸಿದವರ ಎದುರು ಕೈಯ ತಪ್ಪು ಹೇಳುವುದು ಹೇಗೆ?

ನಮ್ಮ ಸಂಸ್ಥೆಯ ಕೋಣೆಗೆ ಕಪ್ಪೆಗಳು ಬಂದವು. ಮೊದಲ ರಸ ಮೊದಲ ಸಲಕ್ಕೇ ಸರಿಯಾಗಿ ಬಂತು. ಮೇಡಂ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತಿದ್ದರು, ಕೂರಿ ಎಂದವಳು ನಾನೇ. ಮುಂದೆ ಬರುವವರಿಗಾಗಿ ವಿಧಾನವನ್ನು ಹಂತಹಂತವಾಗಿ ಬರೆದು ಕೊಡು ಎಂದರು. ಬರೆದೆ. ಮೊದಲ ಸಾಲು: ಹೊಸ ಟ್ಯೂಬುಗಳನ್ನು ಯಾವ ನೀರಿನಲ್ಲೂ ತೊಳೆಯಬೇಡಿ.

ಮೇಡಂ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆಯ ಗುರುತು ಹಾಕಿದರು. "ಇದು ಯಾಕೆ ಬೇಕು ಶಶಿ? ಹೊಸ ಟ್ಯೂಬನ್ನ ಯಾರು ತೊಳೀತಾರೆ?"

ನಾನು ನೆಲ ನೋಡಿದೆ.

"ಯಾರಾದ್ರೂ ತೊಳೀಬಹುದು ಮೇಡಂ," ಎಂದೆ.

ಸಾಲು ಹಾಗೇ ಇದೆ.